ಅಮೆರಿಕದ ನಾಣ್ಯದಲ್ಲಿ ಬೆಳ್ಳಿ ಎಷ್ಟು? ಮೊದಲು ಇಸವಿ ನೋಡಿ

ಅಮೆರಿಕಕ್ಕೆ ಹೋಗಿ ಬಂದವರು ಬಿಟ್ಟುಹೋದ ಚಿಲ್ಲರೆ ನಮ್ಮಲ್ಲಿ ಎಷ್ಟೋ ಮನೆಗಳ ಡ್ರಾಯರ್‌ನಲ್ಲಿ ಬಿದ್ದಿರುತ್ತದೆ. ಅಲ್ಲೇ ನೆಲೆಸಿರುವ ಕನ್ನಡಿಗರಿಗೆ ಗ್ಯಾರೇಜ್ ಸೇಲ್‌ನಲ್ಲಿ ಒಮ್ಮೊಮ್ಮೆ ಹಳೇ ನಾಣ್ಯದ ಡಬ್ಬಿಯೇ ಸಿಗುತ್ತದೆ. ಕೈಗೆ ಸಿಕ್ಕ ಕೂಡಲೇ ಎಲ್ಲರೂ ಕೇಳುವುದು ಒಂದೇ. ಇದು ಬೆಳ್ಳಿನಾ? ಬೆಳ್ಳಿಯಾದರೆ ಎಷ್ಟು ಬರುತ್ತೆ? ಅಕ್ಕಸಾಲಿಗರ ಹತ್ತಿರ ಓಡುವ ಮೊದಲು ನಾಣ್ಯದ ಮೇಲಿನ ಇಸವಿ ಓದಿ. ಮುಕ್ಕಾಲು ಪಾಲು ಉತ್ತರ ಅಲ್ಲೇ ಇದೆ.

1964. ಈ ಇಸವಿ ನೆನಪಿಟ್ಟುಕೊಳ್ಳಿ. ಡೈಮ್ ಅಂದರೆ 10 ಸೆಂಟ್, ಕ್ವಾರ್ಟರ್ ಅಂದರೆ 25 ಸೆಂಟ್, ಹಾಫ್ ಡಾಲರ್ ಅಂದರೆ 50 ಸೆಂಟ್. ಈ ಮೂರರ ಮೇಲೆ 1964 ಅಥವಾ ಅದಕ್ಕಿಂತ ಹಿಂದಿನ ಇಸವಿ ಇದ್ದರೆ ಅದರಲ್ಲಿ ನೂರಕ್ಕೆ 90 ಭಾಗ ಬೆಳ್ಳಿ, ಉಳಿದ 10 ಭಾಗ ತಾಮ್ರ. ಬರೀ ಬೆಳ್ಳಿ ಮೆತ್ತಗಿರುತ್ತದೆ, ಜೇಬಿನಲ್ಲಿ ಉಜ್ಜಿ ಉಜ್ಜಿ ಬೇಗ ಸವೆಯುತ್ತದೆ, ಅದಕ್ಕೇ ತಾಮ್ರದ ಬೆರಕೆ. ಈ 90ರ ಲೆಕ್ಕ 1837ರಿಂದ ನಡೆದುಕೊಂಡು ಬಂದದ್ದು. 1965 ಅಥವಾ ಅದರ ನಂತರದ ಇಸವಿ ಇದ್ದರೆ, ಅಂಗಡಿಯಲ್ಲಿ ಕೈ ಬದಲಾಗುವ ಡೈಮ್, ಕ್ವಾರ್ಟರ್‌ಗಳಲ್ಲಿ ಬೆಳ್ಳಿ ಸೊನ್ನೆ. ಹಾಫ್ ಡಾಲರ್ ಕಥೆ ಸ್ವಲ್ಪ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಇಸವಿ ಸವೆದು ಹೋಗಿದೆಯಾ? ಅಂಚು ನೋಡಿ. ನಾಣ್ಯವನ್ನು ಎರಡು ಬೆರಳಲ್ಲಿ ಹಿಡಿದು, ಮುಖವನ್ನಲ್ಲ, ಗೆರೆ ಗೆರೆ ಇರುವ ಆ ಸುತ್ತಂಚನ್ನು ಬೆಳಕಿಗೆ ತಿರುಗಿಸಿ. 1965ರ ನಂತರದ ಕ್ವಾರ್ಟರ್ ಆದರೆ ಅಂಚಿನ ನಡುವೆ ಕೆಂಪಗೆ ತಾಮ್ರದ ಪಟ್ಟಿ ಕಾಣಿಸುತ್ತದೆ. ಅದು ಮೂರು ಪದರದ ನಾಣ್ಯ. ಒಳಗೆ ಪೂರ್ತಿ ತಾಮ್ರ, ಮೇಲೆ ಕೆಳಗೆ ತಾಮ್ರ ಮತ್ತು ನಿಕಲ್ ಬೆರೆಸಿದ ಬಿಳಿ ಹಾಳೆ. ಬೆಳ್ಳಿಯ ಕ್ವಾರ್ಟರ್‌ನಲ್ಲಿ ಆ ಕೆಂಪು ಇರುವುದಿಲ್ಲ, ಅಂಚೆಲ್ಲ ಒಂದೇ ಬಿಳಿ ಬಣ್ಣ. ಮೇಜಿನ ಮೇಲೆ ಬೀಳಿಸಿದರೆ ಶಬ್ದದಲ್ಲೂ ಗೊತ್ತಾಗುತ್ತದೆ. ಬೆಳ್ಳಿ ಠಣ್ ಅಂತ ಎಳೆದು ಹಾಡುತ್ತದೆ, ಹೊಸದು ಟಕ್ ಅಂದು ಸುಮ್ಮನಾಗುತ್ತದೆ. ತೂಕದ ಯಂತ್ರ ಇದ್ದರೆ ಇನ್ನೂ ಒಳ್ಳೆಯದು. ಬೆಳ್ಳಿಯ ಕ್ವಾರ್ಟರ್ 6.25 ಗ್ರಾಂ, ಹೊಸದು 5.67 ಗ್ರಾಂ. ಡೈಮ್ ಆದರೆ 2.5 ಗ್ರಾಂ ಮತ್ತು 2.27 ಗ್ರಾಂ. ಒಂದು ಮಾತು: ಆಯಸ್ಕಾಂತ ಹಿಡಿದು ಬೆಳ್ಳಿ ಪರೀಕ್ಷೆ ಮಾಡಿದೆ ಅನ್ನುವವರನ್ನು ನಂಬಬೇಡಿ. ಬೆಳ್ಳಿ ಅಂಟುವುದಿಲ್ಲ, ನಿಜ, ಆದರೆ ಈ ಮೂರು ಪದರದ ನಾಣ್ಯವೂ ಅಂಟುವುದಿಲ್ಲ. ಆಯಸ್ಕಾಂತ ಕೆಲಸಕ್ಕೆ ಬರುವುದು 1943ರ ಬೆಳ್ಳಗಿನ ಒಂದು ಸೆಂಟ್ ನಾಣ್ಯಕ್ಕೆ. ಯುದ್ಧಕ್ಕೆ ತಾಮ್ರ ಬೇಕು ಅಂತ ಆ ವರ್ಷ ಸೆಂಟ್ ಅನ್ನು ಉಕ್ಕಿನಲ್ಲಿ ಮಾಡಿ ಸತುವಿನ ಲೇಪ ಕೊಟ್ಟರು. ಬೆಳ್ಳಿ ಸಿಕ್ಕಿತು ಅಂತ ಜನ ಕುಣಿಯುವುದು ಜಾಸ್ತಿ ಈ ನಾಣ್ಯ ನೋಡಿಯೇ.

ಈಗ ಲೆಕ್ಕಕ್ಕೆ ಬರೋಣ. ಇದು ನಿಜಕ್ಕೂ ಸುಲಭ, ಯಾಕೆಂದರೆ ಡೈಮ್, ಕ್ವಾರ್ಟರ್, ಹಾಫ್ ಮೂರೂ ಒಂದೇ ಅಳತೆಯ ಮಕ್ಕಳು. ಹಾಫ್ 12.5 ಗ್ರಾಂ, ಕ್ವಾರ್ಟರ್ ಅದರ ಅರ್ಧ, ಡೈಮ್ ಹಾಫ್‌ನ ಐದನೇ ಒಂದು ಪಾಲು. ಹಾಗಾಗಿ ಹತ್ತು ಡೈಮ್ ತಗೊಳ್ಳಿ, ನಾಲ್ಕು ಕ್ವಾರ್ಟರ್ ತಗೊಳ್ಳಿ, ಎರಡು ಹಾಫ್ ತಗೊಳ್ಳಿ, ಒಂದು ಡಾಲರ್ ಮುಖಬೆಲೆಯ ಚಿಲ್ಲರೆಗೆ ತೂಕ 25 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ 22.5 ಗ್ರಾಂ. ಯಾವ ನಾಣ್ಯ ಎಷ್ಟು ಅಂತ ಬಿಡಿಸಿ ಎಣಿಸುವ ಅಗತ್ಯವೇ ಇಲ್ಲ. ಮುಖಬೆಲೆ ಕೂಡಿಸಿ, 22.5ರಿಂದ ಗುಣಿಸಿ, ಅವತ್ತಿನ ಗ್ರಾಂ ದರದಿಂದ ಮತ್ತೊಮ್ಮೆ ಗುಣಿಸಿ.

ಬೆಳ್ಳಿ ಗ್ರಾಂಗೆ 100 ರೂಪಾಯಿ ಅಂತ ಇಟ್ಟುಕೊಳ್ಳೋಣ, ಬಾಯಿಲೆಕ್ಕಕ್ಕೆ ಸುಲಭ. ಒಂದು ಡೈಮ್‌ನಲ್ಲಿ 2.25 ಗ್ರಾಂ ಬೆಳ್ಳಿ, ಅಂದರೆ 225 ರೂಪಾಯಿ. ಕ್ವಾರ್ಟರ್‌ನಲ್ಲಿ 5.625 ಗ್ರಾಂ, 562 ರೂಪಾಯಿ ಚಿಲ್ಲರೆ. ಹಾಫ್‌ನಲ್ಲಿ 11.25 ಗ್ರಾಂ, 1,125 ರೂಪಾಯಿ. ಇವತ್ತಿನ ದರ ಹಾಕಿಕೊಂಡು ನೀವೇ ಮಾಡಿ ನೋಡಿ. ಅಮೆರಿಕದಲ್ಲಿ ಇರುವವರು ಔನ್ಸ್ ದರ ನೋಡುತ್ತಾರೆ. ಅಲ್ಲಿ ಬೆಳ್ಳಿಗೆ ಬಳಸುವುದು ಟ್ರಾಯ್ ಔನ್ಸ್, 31.1 ಗ್ರಾಂ. ಅಡುಗೆಮನೆಯ ತಕ್ಕಡಿ ತೋರಿಸುವ 28.35 ಗ್ರಾಂನ ಔನ್ಸ್ ಅಲ್ಲ. ಇದನ್ನು ಬೆರೆಸಿಕೊಂಡು ಲೆಕ್ಕ ತಪ್ಪಿಸಿಕೊಳ್ಳುವವರು ಬಹಳ ಜನ. ಒಂದು ಡಾಲರ್ ಚಿಲ್ಲರೆಯಲ್ಲಿ 0.7234 ಟ್ರಾಯ್ ಔನ್ಸ್ ಬೆಳ್ಳಿ ಇರುತ್ತದೆ. ಔನ್ಸ್‌ಗೆ 40 ಡಾಲರ್ ಇದ್ದ ದಿನ ನಾಲ್ಕು ಹಳೇ ಕ್ವಾರ್ಟರ್‌ನಲ್ಲಿ ಸುಮಾರು 29 ಡಾಲರ್ ಬೆಳ್ಳಿ ಇದ್ದಂತೆ.

ಇದೆಲ್ಲ ಸವೆಯದ ನಾಣ್ಯದ ಲೆಕ್ಕ. ಕೈಯಲ್ಲಿ ಓಡಾಡಿದ್ದು ಸವೆದಿರುತ್ತದಲ್ವಾ? ಅದಕ್ಕೇ ವ್ಯಾಪಾರಿಗಳು ಸಾವಿರ ಡಾಲರ್ ಮುಖಬೆಲೆಯ ಮೂಟೆಗೆ 723 ಔನ್ಸ್ ಅನ್ನದೆ 715 ಔನ್ಸ್ ಅಂತ ಹಿಡಿಯುತ್ತಾರೆ. ಸಂಗ್ರಹಕಾರರು ಕೇಳದ, ತೂಕಕ್ಕಷ್ಟೇ ಮಾರುವ ಇಂಥ ಹಳೇ ಚಿಲ್ಲರೆಗೆ ಅಲ್ಲಿ ಜಂಕ್ ಸಿಲ್ವರ್ ಅನ್ನುತ್ತಾರೆ.

ಇನ್ನು ಒಂದು ಡಾಲರ್‌ನ ದೊಡ್ಡ ಬೆಳ್ಳಿ ಬಿಲ್ಲೆ. ಹೆಚ್ಚಾಗಿ ಕಾಣಸಿಗುವುದು ಎರಡು ಬಗೆ. ಒಂದು 1878ರಿಂದ 1904ರವರೆಗೆ ಮತ್ತೆ 1921ರಲ್ಲಿ ಒತ್ತಿದ ಮಾರ್ಗನ್ ಡಾಲರ್. ಇನ್ನೊಂದು 1921ರಿಂದ 1935ರ ನಡುವೆ ಬಂದ ಪೀಸ್ ಡಾಲರ್. ತೂಕ 26.73 ಗ್ರಾಂ, ಅದರಲ್ಲೂ 90 ಭಾಗ ಬೆಳ್ಳಿ, ಅಂದರೆ 24.06 ಗ್ರಾಂ. ಇಲ್ಲಿ ಯಾರಿಗಾದರೂ ಅನುಮಾನ ಬರಬೇಕು. ನಾಲ್ಕು ಕ್ವಾರ್ಟರ್‌ನಲ್ಲಿ 22.5 ಗ್ರಾಂ ಬೆಳ್ಳಿ, ಒಂದು ಡಾಲರ್ ಬಿಲ್ಲೆಯಲ್ಲಿ 24.06. ಎರಡರ ಮುಖಬೆಲೆಯೂ ಒಂದೇ ಡಾಲರ್. ಆ ಒಂದೂವರೆ ಗ್ರಾಂ ಎಲ್ಲಿ ಹೋಯಿತು?

ಕ್ಯಾಲಿಫೋರ್ನಿಯಾದ ಚಿನ್ನ ತಿಂದುಹಾಕಿತು ಅನ್ನಬಹುದು. ಮೊದಲು ಹೀಗಿರಲಿಲ್ಲ. 1792ರ ಕಾನೂನಿನಲ್ಲಿ ಡಾಲರ್ ಅಂದರೆ 371.25 ಗ್ರೇನ್, ಅಂದರೆ ಅದೇ 24.06 ಗ್ರಾಂ, ಅಪ್ಪಟ ಬೆಳ್ಳಿ ಅಂತ ಬರೆದಿಟ್ಟರು. ಆಗ ಚಲಾವಣೆಯಲ್ಲಿದ್ದ ಸ್ಪ್ಯಾನಿಷ್ ಡಾಲರ್‌ಗಳಲ್ಲಿ ಎಷ್ಟು ಬೆಳ್ಳಿ ಇದೆ ಅಂತ ನೋಡಿಯೇ ಈ ಅಂಕಿ ಇಟ್ಟದ್ದು. ಚಿಲ್ಲರೆಯೂ ಅದೇ ಅಳತೆಯಲ್ಲಿತ್ತು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿ, ಮಾರುಕಟ್ಟೆಗೆ ಚಿನ್ನ ಸುರಿಯಿತು. ಚಿನ್ನ ಅಗ್ಗವಾದಾಗ ಅದರ ಎದುರು ಬೆಳ್ಳಿ ದುಬಾರಿಯಾಯಿತು. ಹಾಫ್, ಕ್ವಾರ್ಟರ್, ಡೈಮ್‌ಗಳನ್ನು ಚಿಲ್ಲರೆಯಾಗಿ ಖರ್ಚು ಮಾಡುವುದಕ್ಕಿಂತ ಗಂಟು ಕಟ್ಟಿ ಹೊರದೇಶಕ್ಕೆ ಕಳಿಸಿದರೆ ಲಾಭ ಜಾಸ್ತಿ. ಅಂಗಡಿಗಳಲ್ಲಿ ಚಿಲ್ಲರೆಯೇ ಇಲ್ಲದಂತಾಯಿತು. 1853ರಲ್ಲಿ ಸರ್ಕಾರ ಆ ಚಿಕ್ಕ ನಾಣ್ಯಗಳ ತೂಕವನ್ನು ಸುಮಾರು ನೂರಕ್ಕೆ ಏಳರಷ್ಟು ಇಳಿಸಿತು. ಡಾಲರ್ ಬಿಲ್ಲೆಯನ್ನು ಮುಟ್ಟಲಿಲ್ಲ. 1853ರ ಕ್ವಾರ್ಟರ್ ಕೈಗೆ ಸಿಕ್ಕರೆ ಇಸವಿಯ ಎಡಕ್ಕೊಂದು ಬಲಕ್ಕೊಂದು ಪುಟ್ಟ ಬಾಣದ ಗುರುತು ಇದೆಯಾ ನೋಡಿ. ಇದು ಹಗುರ ನಾಣ್ಯ ಅಂತ ಜನಕ್ಕೆ ಗೊತ್ತಾಗಲಿ ಅಂತ ಹಾಕಿದ ಗುರುತು ಅದು. ಆಮೇಲೆ 1873ರಲ್ಲಿ ತೂಕವನ್ನು ಗ್ರಾಂ ಲೆಕ್ಕಕ್ಕೆ ಸರಿಹೊಂದಿಸಿ 12.5, 6.25, 2.5 ಅಂತ ಮಾಡಿದರು. ಆ ಅಳತೆ 1964ರವರೆಗೂ ಬದಲಾಗಲಿಲ್ಲ.

ಮಾರ್ಗನ್ ಡಾಲರ್ ವಿಷಯ ಬಂದ ಮೇಲೆ ನಮ್ಮ ದೇಶದ ಕಥೆ ಹೇಳದೆ ಮುಂದೆ ಹೋಗಲಾರೆ.

ಮೊದಲ ಮಹಾಯುದ್ಧದ ಕಾಲ. ಇಲ್ಲಿ ಬ್ರಿಟಿಷ್ ಸರ್ಕಾರದ ನೋಟು ತಗೊಂಡು ಹೋಗಿ ಕೊಟ್ಟರೆ ಬೆಳ್ಳಿ ರೂಪಾಯಿ ಕೊಡಬೇಕಿತ್ತು, ನೋಟಿನ ಮೇಲಿನ ಭರವಸೆಯೇ ಅದು. ಯುದ್ಧದ ಖರೀದಿಗೆ ಸರ್ಕಾರ ರೂಪಾಯಿಗಳನ್ನು ಸುರಿಯುತ್ತಾ ಹೋಯಿತು. ಜನ ಬೆಳ್ಳಿ ರೂಪಾಯಿಯನ್ನು ಹೂತಿಟ್ಟರು, ಕರಗಿಸಿ ಒಡವೆ ಮಾಡಿಸಿದರು. ನಂಬಿಕೆ ಕಡಿಮೆಯಾದಾಗ ನೋಟಿಗಿಂತ ಬೆಳ್ಳಿ ವಾಸಿ ಅಂತ ಯಾರಿಗಾದರೂ ಅನ್ನಿಸುತ್ತದೆ. 1917ರ ಕೊನೆಗೆ ಒಂದು ರೂಪಾಯಿಯ ಕಾಗದದ ನೋಟು ತಂದು ನೋಡಿದರು. ಸಾಲಲಿಲ್ಲ. 1918ರ ಹೊತ್ತಿಗೆ ಖಜಾನೆಯ ಬೆಳ್ಳಿ ತಳ ಕಾಣತೊಡಗಿತ್ತು. ನೋಟಿಗೆ ರೂಪಾಯಿ ಕೊಡಲಾಗದೆ ಕೈ ಎತ್ತಿದರೆ, ಅದೂ ಯುದ್ಧದ ನಡುವೆ, ಏನಾಗುತ್ತಿತ್ತು ಅಂತ ಬ್ರಿಟನ್‌ಗೆ ಚೆನ್ನಾಗಿ ಗೊತ್ತಿತ್ತು.

ಬೆಳ್ಳಿ ಇದ್ದದ್ದು ಅಮೆರಿಕದ ಖಜಾನೆಯಲ್ಲಿ, ಯಾರಿಗೂ ಬೇಡವಾಗಿ ಮೂಟೆಗಳಲ್ಲಿ ಕೂತಿದ್ದ ಮಾರ್ಗನ್ ಡಾಲರ್‌ಗಳ ರೂಪದಲ್ಲಿ. 1918ರ ಏಪ್ರಿಲ್‌ನಲ್ಲಿ ನೆವಾಡದ ಸೆನೆಟರ್ ಕೀ ಪಿಟ್‌ಮನ್ ಅವರ ಹೆಸರಿನ ಕಾನೂನು ಬಂತು. 27 ಕೋಟಿಗೂ ಜಾಸ್ತಿ ಡಾಲರ್ ಬಿಲ್ಲೆಗಳನ್ನು ಕರಗಿಸಿದರು. ಅದರಲ್ಲಿ ಸುಮಾರು 25 ಕೋಟಿ 90 ಲಕ್ಷ ಬಿಲ್ಲೆಗಳ ಬೆಳ್ಳಿಯನ್ನು ಔನ್ಸ್‌ಗೆ ಒಂದು ಡಾಲರ್ ಲೆಕ್ಕದಲ್ಲಿ ಬ್ರಿಟನ್‌ಗೆ ಮಾರಿದರು. ಅದು ಬಂದು ಇಳಿದದ್ದು ಭಾರತದಲ್ಲಿ. ಆಗ ನಮ್ಮ ರೂಪಾಯಿ ಸರಿಯಾಗಿ ಒಂದು ತೊಲ, 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಭಾಗ ಬೆಳ್ಳಿ. ಅಂದರೆ ಒಂದು ಮಾರ್ಗನ್ ಡಾಲರ್ ಕರಗಿಸಿದರೆ ಎರಡೂಕಾಲು ರೂಪಾಯಿ. ಒಟ್ಟು 58 ಕೋಟಿ ರೂಪಾಯಿ ಒತ್ತುವಷ್ಟು ಬೆಳ್ಳಿ ಅದು. ನಿಮ್ಮ ಮನೆಯಲ್ಲಿ ಲಕ್ಷ್ಮೀಪೂಜೆಗೆ ತಟ್ಟೆಯಲ್ಲಿಡುವ ಐದನೇ ಜಾರ್ಜ್ ರಾಜನ ರೂಪಾಯಿ ಮೇಲೆ 1918, 1919 ಅಂತ ಇದ್ದರೆ, ಅದು ಮೊದಲು ನೆವಾಡದ ಗಣಿಯಿಂದ ಬಂದು, ಸ್ವಾತಂತ್ರ್ಯದೇವಿ ಲಿಬರ್ಟಿಯ ಮುಖ ಹೊತ್ತು ಅಮೆರಿಕದ ಖಜಾನೆಯಲ್ಲಿ ಕೂತಿದ್ದ ಬೆಳ್ಳಿಯೂ ಆಗಿರಬಹುದು.

ಈ ಕಾನೂನಿನಲ್ಲಿ ಇನ್ನೊಂದು ಕರಾರಿತ್ತು. ಕರಗಿಸಿದಷ್ಟೂ ಬೆಳ್ಳಿಯನ್ನು ಅಮೆರಿಕದ ಗಣಿಗಳಿಂದಲೇ ಔನ್ಸ್‌ಗೆ ಒಂದು ಡಾಲರ್ ಕೊಟ್ಟು ಮತ್ತೆ ಕೊಂಡು ಡಾಲರ್ ಬಿಲ್ಲೆ ಒತ್ತಬೇಕು. ಪಿಟ್‌ಮನ್ ನೆವಾಡದವರು, ನೆವಾಡ ಬೆಳ್ಳಿ ಗಣಿಗಳ ನಾಡು. ಬಿಡಿ, ಅರ್ಥವಾಯಿತಲ್ಲ. ಅದಕ್ಕೇ 17 ವರ್ಷ ನಿಂತುಹೋಗಿದ್ದ ಮಾರ್ಗನ್ ಡಾಲರ್ 1921ರಲ್ಲಿ ದಿಢೀರಂತ ಬಂತು, ಅದೂ 8 ಕೋಟಿ 60 ಲಕ್ಷಕ್ಕೂ ಜಾಸ್ತಿ. ಇವತ್ತು ಯಾರಾದರೂ ನೂರು ವರ್ಷ ಹಳೆಯದು, ಅಪರೂಪದ್ದು ಅಂತ 1921ರ ಮಾರ್ಗನ್ ತೋರಿಸಿ ದೊಡ್ಡ ಬೆಲೆ ಹೇಳಿದರೆ ಈ ಅಂಕಿ ನೆನಪಿಸಿಕೊಳ್ಳಿ.

ಎರಡನೇ ಯುದ್ಧದಲ್ಲೂ ಇದೇ ಪಾಡು. 1940ರಲ್ಲಿ ನಮ್ಮ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಅಮೆರಿಕ ಮತ್ತೆ ಬೆಳ್ಳಿ ಕೊಟ್ಟಿತು, ಈ ಸಲ ಸಾಲವಾಗಿ. ಸ್ವಾತಂತ್ರ್ಯ ಬಂದ ಮೇಲೆ ಭಾರತ ತನ್ನ ಪಾಲನ್ನು ಬೆಳ್ಳಿಯಲ್ಲೇ ತೀರಿಸಿತು. ಅದೇ ಯುದ್ಧದಲ್ಲಿ ಅಮೆರಿಕಕ್ಕೆ ನಿಕಲ್ ಲೋಹದ ಕೊರತೆ ಬಿತ್ತು, ಕವಚ ಫಲಕಗಳಿಗೆ ಅದು ಬೇಕಿತ್ತು. ಹಾಗಾಗಿ 1942ರ ನಡುವಿನಿಂದ 1945ರವರೆಗೆ ಐದು ಸೆಂಟಿನ ನಾಣ್ಯದಲ್ಲಿ ನಿಕಲ್ ತೆಗೆದು 35 ಭಾಗ ಬೆಳ್ಳಿ, 56 ಭಾಗ ತಾಮ್ರ, 9 ಭಾಗ ಮ್ಯಾಂಗನೀಸ್ ಹಾಕಿದರು. ಇದನ್ನು ಗುರುತಿಸುವುದು ಹೀಗೆ. ಹಿಂಭಾಗದಲ್ಲಿ ಗುಮ್ಮಟದ ಕಟ್ಟಡ ಇದೆಯಲ್ಲ, ಜೆಫರ್ಸನ್ ಅವರ ಮನೆ ಮಾಂಟಿಸೆಲೊ, ಅದರ ಗುಮ್ಮಟದ ನೆತ್ತಿಯ ಮೇಲೆ ದೊಡ್ಡದಾಗಿ ಪಿ, ಡಿ ಅಥವಾ ಎಸ್ ಅಕ್ಷರ (ಫಿಲಡೆಲ್ಫಿಯಾ, ಡೆನ್ವರ್, ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಗಳ ಗುರುತು) ಇದ್ದರೆ ಬೆಳ್ಳಿ ಇದೆ. 1942ರಲ್ಲಿ ಎರಡು ಬಗೆಯೂ ಬಂದಿರುವುದರಿಂದ ಆ ವರ್ಷದ್ದಕ್ಕೆ ಈ ಅಕ್ಷರ ನೋಡಲೇಬೇಕು. ಬೆಳ್ಳಿ 1.75 ಗ್ರಾಂ ಅಷ್ಟೇ. ಮ್ಯಾಂಗನೀಸ್‌ನಿಂದಾಗಿ ಈ ನಾಣ್ಯ ಕಪ್ಪಗೆ, ಕೊಳಕಾಗಿ ಕಾಣುತ್ತದೆ. ಅದನ್ನು ನೋಡಿ ಬೆಳ್ಳಿ ಅಂತ ಯಾರಿಗೂ ಅನ್ನಿಸುವುದಿಲ್ಲ, ಅದಕ್ಕೇ ಚಿಲ್ಲರೆಯಲ್ಲಿ ಇವತ್ತಿಗೂ ಒಂದೊಂದು ಸಿಗುವುದುಂಟು.

ಹಾಗಾದರೆ 1964ಕ್ಕೆ ಬೆಳ್ಳಿ ಯಾಕೆ ನಿಂತಿತು? ಒಂದು ಅಂಕಿಯಲ್ಲಿ ಹೇಳಬೇಕೆಂದರೆ 1.29. ಡಾಲರ್ ಬಿಲ್ಲೆಯಲ್ಲಿ 0.7734 ಔನ್ಸ್ ಬೆಳ್ಳಿ ಇದೆ. ಬೆಳ್ಳಿಯ ಬೆಲೆ ಔನ್ಸ್‌ಗೆ 1.29 ಡಾಲರ್ ಮುಟ್ಟಿದ ದಿನ ಬಿಲ್ಲೆಯೊಳಗಿನ ಬೆಳ್ಳಿ ಸರಿಯಾಗಿ ಒಂದು ಡಾಲರ್ ಬಾಳುತ್ತದೆ. ಅದಕ್ಕಿಂತ ಮೇಲೆ ಹೋದರೆ ಖರ್ಚು ಮಾಡುವುದಕ್ಕಿಂತ ಕರಗಿಸುವುದೇ ಲಾಭ. ಡೈಮ್, ಕ್ವಾರ್ಟರ್‌ಗಳಲ್ಲಿ ಬೆಳ್ಳಿ ಸ್ವಲ್ಪ ಕಡಿಮೆ ಇರುವುದರಿಂದ ಅವುಗಳ ಗಡಿ 1.38. ಫೋಟೋ ಫಿಲ್ಮ್, ಎಲೆಕ್ಟ್ರಾನಿಕ್ಸ್ ಎಲ್ಲದಕ್ಕೂ ಬೆಳ್ಳಿ ಬೇಕಾಗಿ 1963ರಲ್ಲಿ ಬೆಲೆ 1.29 ಮುಟ್ಟಿತು. ಜನ ಖಜಾನೆಯ ಮುಂದೆ ಸಾಲು ನಿಂತರು. ಅವರ ಕೈಯಲ್ಲಿದ್ದ ಸಿಲ್ವರ್ ಸರ್ಟಿಫಿಕೇಟ್ ಅನ್ನುವ ನೋಟಿಗೆ ಬೆಳ್ಳಿ ಡಾಲರ್ ಕೊಡಬೇಕಿತ್ತು. ಮೂಟೆಗಟ್ಟಲೆ ಹೊತ್ತುಕೊಂಡು ಹೋದರು. 1964ರ ಮಾರ್ಚ್‌ನಲ್ಲಿ ಕೊಡುವುದನ್ನೇ ನಿಲ್ಲಿಸಬೇಕಾಯಿತು.

ಈ ಮೂಟೆಗಳು ಬಿಚ್ಚಿದಾಗ ಒಂದು ತಮಾಷೆ ನಡೆಯಿತು. ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1903ರ ಮಾರ್ಗನ್ ಡಾಲರ್ ಅಂದರೆ ಆವರೆಗೂ ಸಂಗ್ರಹಕಾರರ ಕನಸಿನ ನಾಣ್ಯ. ಎಲ್ಲಾ ಕರಗಿಹೋಗಿದೆ ಅಂತಲೇ ನಂಬಿದ್ದರು. 1962ರ ಕೊನೆಗೆ ಖಜಾನೆಯಿಂದ ಅವು ಮೂಟೆ ಮೂಟೆಯಾಗಿ ಹೊರಬಂದವು, ಬೆಲೆ ನೆಲ ಕಚ್ಚಿತು. ಅಪರೂಪ ಅನ್ನುವ ಮಾತನ್ನು ನಂಬಿ ದುಡ್ಡು ಹಾಕುವವರು ಈ ನಾಣ್ಯದ ಕಥೆ ಒಮ್ಮೆ ಓದಿಕೊಳ್ಳುವುದು ವಾಸಿ.

1965ರ ಜುಲೈ 23ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ನಾಣ್ಯ ಕಾನೂನಿಗೆ ಸಹಿ ಹಾಕಿದರು. ಹಳೇ ಬೆಳ್ಳಿ ನಾಣ್ಯ ಕೂಡಿಟ್ಟರೆ ಲಾಭವಿಲ್ಲ, ಖಜಾನೆಯಲ್ಲಿರುವ ಬೆಳ್ಳಿ ಮಾರಿ ಬೆಲೆಯನ್ನು ಹಿಡಿದಿಡುತ್ತೇವೆ ಅಂತ ಅವತ್ತು ಜನರಿಗೆ ಎಚ್ಚರಿಕೆಯನ್ನೂ ಕೊಟ್ಟರು. ಎರಡು ವರ್ಷದೊಳಗೆ, 1967ರಲ್ಲಿ, ಆ ಪ್ರಯತ್ನ ಕೈಬಿಟ್ಟರು. ಬೆಳ್ಳಿ 1.29 ದಾಟಿ ಹೋಯಿತು. ಹೊಸ ನಾಣ್ಯ ಒಂದರ ಪಕ್ಕ ಹಳೆಯದು ಇದ್ದರೆ ಯಾರು ತಾನೆ ಹಳೆಯದನ್ನು ಖರ್ಚು ಮಾಡುತ್ತಾರೆ? ನೋಡನೋಡುತ್ತಿದ್ದಂತೆ ಬೆಳ್ಳಿ ಚಲಾವಣೆಯಿಂದ ಮಾಯವಾಯಿತು.

ಮೂರು ಪದರದ ನಾಣ್ಯವನ್ನೇ ಯಾಕೆ ಆರಿಸಿಕೊಂಡರು ಅನ್ನುವುದು ನನಗೆ ಬಹಳ ಇಷ್ಟವಾದ ಭಾಗ. ಕಾಸು ಹಾಕಿದರೆ ಸೋಡಾ, ಸಿಗರೇಟು ಕೊಡುವ ಯಂತ್ರಗಳು ಆಗಲೇ ದೇಶದ ತುಂಬಾ ಇದ್ದವು. ಅವು ನಾಣ್ಯದ ಗಾತ್ರ, ತೂಕದ ಜೊತೆಗೆ ಲೋಹದಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ ಅನ್ನುವುದನ್ನೂ ಅಯಸ್ಕಾಂತದ ಮುಂದೆ ಹಾಯಿಸಿ ಪರೀಕ್ಷಿಸುತ್ತಿದ್ದವು. ಬೆಳ್ಳಿಯಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಬರೀ ತಾಮ್ರ-ನಿಕಲ್ ಬೆರಕೆಯಲ್ಲಿ ಹಾಗೆ ಹರಿಯುವುದಿಲ್ಲ, ಯಂತ್ರ ಅದನ್ನು ಖೋಟಾ ಅಂತ ಉಗುಳುತ್ತಿತ್ತು. ಒಳಗೆ ತಾಮ್ರ ತುಂಬಿದಾಗ ಯಂತ್ರಕ್ಕೆ ಹಳೆಯದು ಯಾವುದು, ಹೊಸದು ಯಾವುದು ಗೊತ್ತಾಗಲಿಲ್ಲ. ಅಂಚಿನ ಆ ಕೆಂಪು ಪಟ್ಟಿ ಹುಟ್ಟಿದ್ದು ಸೋಡಾ ಯಂತ್ರದ ದೆಸೆಯಿಂದ.

ಹಾಫ್ ಡಾಲರ್ ಕಥೆ ಬಾಕಿ ಇತ್ತಲ್ಲ. 1964ರಲ್ಲಿ ಕೆನಡಿ ಮುಖದ ಹಾಫ್ ಬಂತು, ಅದು 90 ಭಾಗ ಬೆಳ್ಳಿ. 1965ರಿಂದ 1970ರವರೆಗೆ ಅದನ್ನು 40ಕ್ಕೆ ಇಳಿಸಿದರು. ತೂಕ 11.5 ಗ್ರಾಂ, ಅದರಲ್ಲಿ 4.6 ಗ್ರಾಂ ಬೆಳ್ಳಿ. ಇದೂ ಪದರದ ನಾಣ್ಯವೇ, ಮೇಲೆ ಬೆಳ್ಳಿ ಜಾಸ್ತಿ, ಒಳಗೆ ಕಡಿಮೆ. ಅಂಚು ಮಾಸಲು ಬಣ್ಣ, ಕೆಂಪು ಪಟ್ಟಿ ಅಷ್ಟು ಎದ್ದು ಕಾಣುವುದಿಲ್ಲ. 1971ರ ನಂತರದ ಸಾಮಾನ್ಯ ಹಾಫ್‌ನಲ್ಲಿ ಬೆಳ್ಳಿ ಇಲ್ಲ. ಅದೇ ವರ್ಷದಿಂದ ಬಂದ ಐಸೆನ್‌ಹೋವರ್ ಡಾಲರ್ ನೋಡೋಕೆ ದೊಡ್ಡ ಬೆಳ್ಳಿ ಬಿಲ್ಲೆಯ ಹಾಗೇ ಇದೆ, ಆದರೆ ಜನರ ಕೈಗೆ ಕೊಟ್ಟದ್ದೆಲ್ಲ ತಾಮ್ರ-ನಿಕಲ್. ಸಂಗ್ರಹಕಾರರಿಗೆ ಅಂತ ಪೆಟ್ಟಿಗೆಯಲ್ಲಿ ಮಾರಿದ, ಎಸ್ ಅಕ್ಷರದ, 40 ಭಾಗ ಬೆಳ್ಳಿಯವು ಬೇರೆ. 1992ರಿಂದ ಸಂಗ್ರಹಕಾರರಿಗೆಂದೇ ಮಾರುವ ಬೆಳ್ಳಿ ಸೆಟ್‌ಗಳು ಡೈಮ್, ಕ್ವಾರ್ಟರ್, ಹಾಫ್‌ಗಳಲ್ಲೂ ಬರುತ್ತಿವೆ. 2019ರಿಂದ ಅವುಗಳಲ್ಲಿ 99.9 ಭಾಗ ಬೆಳ್ಳಿ. ಇವು ಅಂಗಡಿ ಚಿಲ್ಲರೆಯಲ್ಲಿ ಬರುವುದು ಯಾರಾದರೂ ಮಕ್ಕಳು ಅಪ್ಪನ ಪೆಟ್ಟಿಗೆ ಒಡೆದಾಗ ಮಾತ್ರ. ಇನ್ನು 1986ರಿಂದ ಬರುವ ಸಿಲ್ವರ್ ಈಗಲ್ ಸರಿಯಾಗಿ ಒಂದು ಟ್ರಾಯ್ ಔನ್ಸ್ ಬೆಳ್ಳಿ. ಮೇಲೆ ಒಂದು ಡಾಲರ್ ಅಂತ ಬರೆದಿದ್ದರೂ ಅದು ಬೆಳ್ಳಿ ಕೊಳ್ಳುವವರಿಗೆ ಮಾಡಿದ್ದು, ಖರ್ಚಿಗಲ್ಲ.

ಲೋಹದ ಬೆಲೆ ಗೊತ್ತಾಯಿತು. ಮುಖಬೆಲೆ ನಾಣ್ಯದ ಮೇಲೇ ಇದೆ. ಮೂರನೆಯದು ಸಂಗ್ರಹಕಾರ ಕೊಡುವ ಬೆಲೆ, ಗೊಂದಲ ಎಲ್ಲ ಇಲ್ಲೇ. ನಿಮ್ಮ ಹತ್ತಿರ ಇರುವ ಈ ಕ್ವಾರ್ಟರ್‌ಗೆ ಲಕ್ಷಗಟ್ಟಲೆ ಬೆಲೆ ಅಂತ ವಿಡಿಯೋ ಹಾಕುವವರಿಗೆ ಕೊರತೆಯಿಲ್ಲ. 1964ರ ಕ್ವಾರ್ಟರ್ ಒತ್ತಿದ್ದು 120 ಕೋಟಿಗೂ ಜಾಸ್ತಿ. ಕೊರತೆ ನೀಗಿಸಲು ಅದೇ ಇಸವಿ ಹಾಕಿ 1965ರಲ್ಲೂ ಒತ್ತುತ್ತಲೇ ಇದ್ದರು. ಅದಕ್ಕೆ ಬೆಳ್ಳಿಯ ಬೆಲೆ ಬಿಟ್ಟು ಬೇರೇನೂ ಇಲ್ಲ. ನಿಜವಾದ ಅಪರೂಪಗಳು ಕೆಲವೇ ಕೆಲವು, ಅವನ್ನು ಹೇಳುವುದು ಇಸವಿಯ ಜೊತೆಗೆ ಟಂಕಸಾಲೆ ಯಾವುದು ಅಂತ ತೋರಿಸುವ ಒಂದು ಪುಟ್ಟ ಅಕ್ಷರ. ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ 1893ರ ಮಾರ್ಗನ್ ಡಾಲರ್ ಒತ್ತಿದ್ದು ಒಂದೇ ಲಕ್ಷ. ಡೆನ್ವರ್‌ನ 1916ರ, ಮರ್ಕ್ಯುರಿ ಅನ್ನುವ ಬಗೆಯ ಡೈಮ್ 2,64,000. 1932ರ ಕ್ವಾರ್ಟರ್‌ನಲ್ಲಿ ಡಿ ಮತ್ತು ಎಸ್ ಅಕ್ಷರದವು ತಲಾ ನಾಲ್ಕು ಲಕ್ಷ ಚಿಲ್ಲರೆ. ಮಾರ್ಗನ್‌ನಲ್ಲಿ ಈ ಅಕ್ಷರ ಹಿಂಭಾಗದ ಹದ್ದಿನ ಕೆಳಗೆ, ಎಲೆಗಳ ಮಾಲೆಯ ಗಂಟಿನ ಕೆಳಗೆ ಇರುತ್ತದೆ. 1964ರವರೆಗಿನ ವಾಷಿಂಗ್ಟನ್ ಕ್ವಾರ್ಟರ್‌ನಲ್ಲೂ ಹಿಂಭಾಗದಲ್ಲೇ, ಮಾಲೆಯ ಅಡಿಯಲ್ಲಿ. ಭೂತಗನ್ನಡಿ ಹಿಡಿದು ನೋಡಿ. ಅಕ್ಷರದ ಬುಡದಲ್ಲಿ ಸಣ್ಣ ಬಿರುಕಿನಂಥ ಗೆರೆ ಸುತ್ತ ಕಂಡರೆ ಅನುಮಾನ ಪಡಿ, ಬೇರೆ ನಾಣ್ಯದ ಅಕ್ಷರ ಕಿತ್ತು ಅಂಟಿಸುವುದು ಹಳೇ ಮೋಸ.

ಖೋಟಾ ವಿಷಯದಲ್ಲಿ ಮಾರ್ಗನ್ ಮತ್ತು 1873ರಿಂದ ಹೊರದೇಶದ ವ್ಯಾಪಾರಕ್ಕೆ ಅಂತ ಮಾಡಿದ ಟ್ರೇಡ್ ಡಾಲರ್ ಎಲ್ಲಕ್ಕಿಂತ ಮುಂದೆ. ಮಾರ್ಗನ್ ಅಗಲ 38.1 ಮಿಲಿಮೀಟರ್, ತೂಕ 26.73 ಗ್ರಾಂ. ಅಗಲ ಸರಿ ಇದ್ದು ತೂಕ 20-22 ಬಂದರೆ ಬೇರೇನೂ ನೋಡುವುದೇ ಬೇಡ. ಇಸವಿ 1804 ಅಂತ ಇರುವ ಡಾಲರ್ ಯಾರಾದರೂ ತೋರಿಸಿದರೆ ನಕ್ಕು ವಾಪಸು ಕೊಡಿ. ಜಗತ್ತಿನಲ್ಲಿ ಗೊತ್ತಿರುವುದು 16, ಅವೂ 1804ರಲ್ಲಿ ಒತ್ತಿದ್ದಲ್ಲ, ಸುಮಾರು ಮೂವತ್ತು ವರ್ಷ ಕಳೆದ ಮೇಲೆ, ಕೆಲವು ಇನ್ನೂ ತಡವಾಗಿ ಒತ್ತಿದವು.

ದಯವಿಟ್ಟು ತೊಳೆಯಬೇಡಿ. ಬೆಳ್ಳಿ ಕಪ್ಪಾಯಿತು ಅಂದರೆ ನಮ್ಮ ಕೈ ತಾನಾಗೇ ವಿಭೂತಿಗೋ ಹುಣಸೆಹಣ್ಣಿಗೋ ಹೋಗುತ್ತದೆ, ದೀಪಕ್ಕೆ, ಪಂಚಪಾತ್ರೆಗೆ ಅದು ಸರಿ. ನಾಣ್ಯವನ್ನು ಹಾಗೆ ಉಜ್ಜಿದರೆ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರುಗಳು ಬೀಳುತ್ತವೆ. ದೀಪದ ಕೆಳಗೆ ಓರೆ ಮಾಡಿ ಹಿಡಿದರೆ ವ್ಯಾಪಾರಿಗೆ ಒಂದೇ ಕ್ಷಣದಲ್ಲಿ ಕಾಣುತ್ತದೆ. ತೂಕದ ಬೆಲೆಗೆ ಏನೂ ಆಗುವುದಿಲ್ಲ, ಸಂಗ್ರಹದ ಬೆಲೆ ಬಿದ್ದುಹೋಗುತ್ತದೆ.

ಮಾರುವುದಾದರೆ, ಅಮೆರಿಕದಲ್ಲಿ ನಾಣ್ಯದ ಅಂಗಡಿಯವರು ಮುಖಬೆಲೆಯ ಇಷ್ಟು ಪಟ್ಟು ಅಂತ ದರ ಹೇಳುತ್ತಾರೆ, 18 ಪಟ್ಟು, 25 ಪಟ್ಟು, ಹೀಗೆ. ಅವತ್ತಿನ ಔನ್ಸ್ ದರವನ್ನು 0.715ರಿಂದ ಗುಣಿಸಿದರೆ ಪೂರ್ತಿ ಬೆಳ್ಳಿಗೆ ಎಷ್ಟು ಪಟ್ಟು ಅಂತ ಗೊತ್ತಾಗುತ್ತದೆ. ಅವರು ಹೇಳಿದ್ದು ಅದಕ್ಕಿಂತ ಎಷ್ಟು ಕಡಿಮೆ ಅನ್ನುವುದೇ ಅವರ ಲಾಭ. ಇಲ್ಲಿ ಅಕ್ಕಸಾಲಿಗರ ಹತ್ತಿರ ಹೋದರೆ ಹಳೇ ಬೆಳ್ಳಿ ಅಂತ ತೂಗಿ ಕಳೆಯುವುದು ಇದ್ದೇ ಇದೆ. 90 ಭಾಗ ಅನ್ನುವುದನ್ನು ಮೊದಲೇ ಹೇಳಿ, ಅದಕ್ಕಿಂತ ತುಂಬಾ ಇಳಿಸಿದರೆ ಎದ್ದು ಬನ್ನಿ.

ಬೆಳ್ಳಿ ನಾಣ್ಯ ಕರಗಿಸಲು ಕಾನೂನಿನ ಅಡ್ಡಿ ಇದೆಯಾ ಅಂತ ಕೆಲವರಿಗೆ ಭಯ. 1967ರಲ್ಲಿ ಅಮೆರಿಕ ಸರ್ಕಾರ ಕರಗಿಸುವುದನ್ನೂ ಹೊರಗೆ ಕಳಿಸುವುದನ್ನೂ ನಿಷೇಧಿಸಿತ್ತು, ಎರಡು ವರ್ಷಕ್ಕೆ ತೆಗೆದುಹಾಕಿತು. 1980ರ ಜನವರಿಯಲ್ಲಿ ಟೆಕ್ಸಾಸ್‌ನ ಹಂಟ್ ಸಹೋದರರು ಬೆಳ್ಳಿಯನ್ನೆಲ್ಲ ಬಾಚಿಕೊಳ್ಳಲು ಹೋಗಿ ಬೆಲೆ 50 ಡಾಲರ್ ಹತ್ತಿರ ಏರಿದಾಗ ಮನೆಮನೆಯ ಹಳೇ ಚಿಲ್ಲರೆ ಕುಲುಮೆಗೆ ಹೋಯಿತು, ಯಾರೂ ತಡೆಯಲಿಲ್ಲ. ಈಗ ನಿಷೇಧ ಇರುವುದು ಒಂದು ಸೆಂಟ್ ಮತ್ತು ಐದು ಸೆಂಟಿನ ನಾಣ್ಯಕ್ಕೆ, ಅದರ ತಾಮ್ರ, ನಿಕಲ್‌ನ ಬೆಲೆಯೇ ಮುಖಬೆಲೆ ಮೀರಿತು ಅಂತ 2006ರ ಡಿಸೆಂಬರ್‌ನಲ್ಲಿ ತಂದದ್ದು. ಅದರಲ್ಲೂ ಯುದ್ಧಕಾಲದ, ಬೆಳ್ಳಿ ಬೆರೆಸಿದ ಆ ಕಪ್ಪು ಐದು ಸೆಂಟಿನ ನಾಣ್ಯಗಳಿಗೆ ವಿನಾಯಿತಿ ಇದೆ.